ಪರರಿಗೆ ಬರೆದ ಓಲೆಗಳು

ಗೋವಿಂದ ಪೈಗಳ 'ಗೊಲ್ಗೊಥಾ'ವನ್ನು ಓದಿದ ಕನ್ನಡಿಗನಿಗೆ ಕ್ರಿಸ್ತನ ಕಡೆಯ ದಿನದ ವೃತ್ತಾಂತವು ಅಪರಿಚಿತವಲ್ಲ. ಸುವಾರ್ತೆಗಳಲ್ಲಿಯ ಸಾಮತಿಗಳೂ ಅಷ್ಟಿಷ್ಟು ಎಲ್ಲರ ಕಿವಿಗೆ ಬಿದ್ದಿರುತ್ತವೆ. ಆದರೆ ನಾಲ್ಕು ಸುವಾರ್ತೆಗಳನ್ನೂ ಅಪೊಸ್ತಲರ ಕೃತ್ಯಗಳನ್ನೂ ದಾಟಿದ ಮೇಲೆ ಹೊಸ ಒಡಂಬಡಿಕೆಯಲ್ಲಿ ಬರುವ 21 ಪತ್ರಿಕೆಗಳು, ಅವುಗಳ ಬೆನ್ನಿಗೇ ಹುಟ್ಟಿ ಒಡಂಬಡಿಕೆಯ ಹೊರಗುಳಿದ ಬರಹಗಳು, ಇವುಗಳ ಕಡೆಗೆ ಕಣ್ಣು ಹಾಯಿಸುವವರು ವಿರಳ. ಸತ್ಯವೇದದ ಪಾಠ ಹೇಳುತ್ತಲೇ ನರೆತ ಹಿರಿಯರೊಬ್ಬರೂ, ಪ್ರಾಚೀನ ಇತಿಹಾಸವನ್ನು ವ್ಯಾಸಂಗ ಮಾಡಿ ಬಂದ ತರುಣನೊಬ್ಬನೂ ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ ಈ ವಿಷಯವಾಗಿ ನಡೆಸಿದ ಸಂಭಾಷಣೆಯನ್ನು ಇಲ್ಲಿ ಕೊಟ್ಟಿದೆ.

ತರುಣ: ಗುರುಗಳೇ, ತಾವು ಹೇಳಿದಂತೆ ರೋಮಾಪುರದವರಿಗೆ ಬರೆದ ಪತ್ರಿಕೆಯಿಂದ ಹಿಡಿದು ಯೂದನ ಪತ್ರಿಕೆಯವರೆಗೆ ಬಿಡದೆ ಓದಿದೆನು. ಧರ್ಮಗ್ರಂಥವನ್ನು ಓದುತ್ತೇನೆಂದು ಕುಳಿತವನಿಗೆ, ನೆರೆಮನೆಯವರಿಗೆ ಬಂದ ಕಾಗದವನ್ನು ಒಡೆದು ಓದುತ್ತಿರುವಂತಹ ಸಂಕೋಚವುಂಟಾಯಿತು. ಯಾರದೋ ವ್ಯಾಜ್ಯ, ಯಾರದೋ ಕಾಯಿಲೆ, ಯಾರಿಗೋ ವಂದನೆ; ನನಗೆಂದು ಹೇಳಿದ ಮಾತು ಒಂದೂ ಕಾಣಲಿಲ್ಲ.

ಹಿರಿಯರು: ಆ ಸಂಕೋಚ ಹುಟ್ಟಿತೆಂದರೆ ನೀನು ಸರಿಯಾಗಿಯೇ ಓದಿದೆಯಪ್ಪಾ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಆರಂಭವನ್ನು ನೋಡು. ಅಲ್ಲಿಯ ಸಭೆಯವರು ನಾವು ಇಂಥವರ ಕಡೆ, ನೀವು ಅಂಥವರ ಕಡೆ ಎಂದು ಒಡೆದುಹೋಗಿರುವ ಸುದ್ದಿಯನ್ನು ಖ್ಲೋಯೆಯೆಂಬಾಕೆಯ ಮನೆಯವರಿಂದ ಕೇಳಿ ಮನನೊಂದ ಪೌಲನು, ಕ್ರಿಸ್ಪ, ಗಾಯ ಎಂಬಿಬ್ಬರ ಹೊರತು ನಿಮ್ಮಲ್ಲಿ ಯಾರಿಗೂ ತಾನು ದೀಕ್ಷಾಸ್ನಾನ ಮಾಡಿಸಲಿಲ್ಲವೆಂದು ಹೇಳಿ ಬರೆಯಿಸುತ್ತಾನೆ. ಬರೆಯಿಸುತ್ತಿರುವಾಗಲೇ ಸ್ತೆಫನನ ಮನೆಯವರು ನೆನಪಾಗಿ, ಅವರಿಗೂ ಮಾಡಿಸಿದ್ದುಂಟೆಂದು ಸೇರಿಸಿ, ಇನ್ನು ಯಾರಿಗಾದರೂ ಮಾಡಿಸಿದ್ದರೆ ತನಗೆ ತಿಳಿಯದೆಂದು ಮುಂದೆ ಸಾಗುತ್ತಾನೆ. ಹಿಂದಿನ ಸಾಲನ್ನು ಅಳಿಸಿ ತಿದ್ದುವ ಗೋಜಿಗೆ ಹೋಗಲಿಲ್ಲ. ಮುಂದಿನ ಪೀಳಿಗೆಗಳಿಗೆ ಶಾಸ್ತ್ರವನ್ನು ರಚಿಸುತ್ತೇನೆಂದು ಕುಳಿತವನು ಹೀಗೆ ಬರೆಯಿಸುವನೆ? ಒಂದು ಊರಿನ ಒಂದು ಜಗಳವನ್ನು ನಿಲ್ಲಿಸಲು ಹೊರಟ ಮನುಷ್ಯನ ಉಸಿರು ಅಲ್ಲಿ ಹಾಗೆಯೇ ಉಳಿದಿದೆ. ನಾನು ಆ ಪತ್ರಿಕೆಗಳನ್ನು ಪ್ರೀತಿಸುವುದು ಅದಕ್ಕಾಗಿಯೇ.

ತರುಣ: ಹಾಗಾದರೆ ಅವು ಶಾಸ್ತ್ರವಾದದ್ದು ಹೇಗೆ? ಬರೆದವನಿಗೆ ಇಲ್ಲದಿದ್ದ ಉದ್ದೇಶವನ್ನು ಓದಿದವರು ಹೊರಿಸಿದರೆಂದೇ ಹೇಳಬೇಕಷ್ಟೆ.

ಹಿರಿಯರು: ಹೊರಿಸಿದರೆನ್ನುವುದಕ್ಕಿಂತ, ಕಾಪಾಡಿದರು, ಮತ್ತೆ ಮತ್ತೆ ಓದಿದರು ಎನ್ನು. ಆ ಕಾಲದಲ್ಲಿ ರೋಮ್ ಸಾಮ್ರಾಜ್ಯದ ಅಂಚೆಯು ಸರಕಾರದ ಕೆಲಸಕ್ಕೆ ಮಾತ್ರ ಮೀಸಲಾಗಿತ್ತು. ಸಾಮಾನ್ಯರ ಪತ್ರವು ಆ ದಿಕ್ಕಿಗೆ ಹೊರಟ ವರ್ತಕನ ಚೀಲದಲ್ಲಿಯೋ, ಸ್ನೇಹಿತನ ಕೈಯಲ್ಲಿಯೋ ಹೋಗಬೇಕು. ರೋಮಾಪುರದವರಿಗೆ ಬರೆದ ದೀರ್ಘ ಪತ್ರಿಕೆಯನ್ನು ಪೌಲನು ಬಾಯಲ್ಲಿ ಹೇಳಿದ್ದು, ತೆರ್ತ್ಯನೆಂಬವನು ಬರೆದುಕೊಂಡದ್ದು. ಕೊನೆಯಲ್ಲಿ ಆ ಲಿಪಿಕಾರನು ತನ್ನದೂ ಒಂದು ವಂದನೆಯನ್ನು ಸೇರಿಸಿದ್ದಾನೆ. ಅದನ್ನು ಹೊತ್ತು ಸಮುದ್ರ ದಾಟಿದವಳು ಕೊರಿಂಥದ ರೇವಾದ ಕೆಂಖ್ರೆಯ ಸಭಾಸೇವಕಿ ಫೊಯಿಬೆಯೆಂದು ತಿಳಿದವರು ಬಹುಮಂದಿ. ಪತ್ರವು ಊರನ್ನು ಸೇರಿದ ಮೇಲೆ ನೆರೆದ ಸಭೆಯ ನಡುವೆ ಅದನ್ನು ಗಟ್ಟಿಯಾಗಿ ಓದುವರು; ಪಕ್ಕದ ಊರಿನವರು ಕೇಳಿದರೆ ಪ್ರತಿ ಮಾಡಿ ಕೊಡುವರು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ, ಇದನ್ನು ಲವೊದಿಕೀಯದಲ್ಲಿಯೂ ಓದಿಸಿರಿ, ಅಲ್ಲಿಂದ ಬರುವುದನ್ನು ನೀವೂ ಓದಿರಿ ಎಂಬ ಅಪ್ಪಣೆಯೇ ಇದೆ. ಪತ್ರವು ಗ್ರಂಥವಾದದ್ದು ಯಾವನೋ ಒಬ್ಬ ಅಧಿಕಾರಿಯ ಮುದ್ರೆಯಿಂದಲ್ಲ, ಹೀಗೆ ಊರಿಂದೂರಿಗೆ ನಡೆದು.

ತರುಣ: ನಡೆದ ದಾರಿಯಲ್ಲಿ ಕಳೆದುಹೋದವೂ ಉಂಟಲ್ಲವೆ? ಲವೊದಿಕೀಯದ ಆ ಪತ್ರ ಇಂದು ಎಲ್ಲಿದೆ? ಕೊರಿಂಥದವರಿಗೆ ತಾನು ಹಿಂದೊಮ್ಮೆ ಬರೆದಿದ್ದೆನೆಂದು ಪೌಲನೇ ಹೇಳುತ್ತಾನೆ, ಅದೂ ಇಲ್ಲ. ಉಳಿದವುಗಳನ್ನು ಜೋಡಿಸಿದ ಕ್ರಮವಾದರೂ ಇತಿಹಾಸದ ಕ್ರಮವೆ? ಸಭೆಗಳಿಗೆ ಬರೆದವುಗಳಲ್ಲಿ ಉದ್ದವಾದದ್ದು ಮೊದಲು, ಗಿಡ್ಡವಾದದ್ದು ಕೊನೆಗೆ; ಆ ಮೇಲೆ ವ್ಯಕ್ತಿಗಳಿಗೆ ಬರೆದವು, ಅವೂ ಹೆಚ್ಚುಕಡಿಮೆ ಹಾಗೆಯೇ. ಎಲ್ಲಕ್ಕಿಂತ ಹಳೆಯದೆಂದು ವಿದ್ವಾಂಸರಲ್ಲಿ ಬಹುಮಂದಿ ಒಪ್ಪುವ ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯು ಈ ಜೋಡಣೆಯಿಂದಾಗಿ ನಡುವೆಲ್ಲೋ ಅಡಗಿಹೋಗಿದೆ. ಡೆಲ್ಫಿಯಲ್ಲಿ ದೊರೆತ ಶಿಲಾಶಾಸನದ ತುಂಡುಗಳಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ಒಂದು ಪತ್ರವಿದೆ. ಅದರಲ್ಲಿ ಅಖಾಯ ಪ್ರಾಂತ್ಯಾಧಿಪತಿ ಗಲ್ಲಿಯೋನನ ಹೆಸರಿದೆ. ಆತನು ಆ ಪದವಿಯಲ್ಲಿದ್ದುದು ಕ್ರಿ. ಶ. 51-52ರ ಸುಮಾರಿನಲ್ಲಿ, ಪೌಲನನ್ನು ಕೊರಿಂಥದಲ್ಲಿ ಅವನ ನ್ಯಾಯಾಸನದ ಮುಂದೆ ಎಳೆದುತಂದರೆಂದು ಕೃತ್ಯಗಳ ಪುಸ್ತಕ ಹೇಳುತ್ತದೆ. ಈ ಒಂದು ಕಲ್ಲನ್ನು ಆಧರಿಸಿಯೇ, ಆಗ ಕೊರಿಂಥದಿಂದ ಬರೆದುದೆನ್ನುವ ಥೆಸಲೋನಿಕದ ಪತ್ರಿಕೆಯನ್ನು ಸುಮಾರು 50ಕ್ಕೆ ಇಡಲು ಸಾಧ್ಯವಾಗಿದೆ. ಎಂದರೆ ಸುವಾರ್ತೆಗಳಲ್ಲಿ ಹಳೆಯದೆನ್ನುವ ಮಾರ್ಕನದಕ್ಕಿಂತಲೂ ಅದು ಇಪ್ಪತ್ತು ವರ್ಷ ಹಿಂದಿನದು. ಓದುವವನಿಗೆ ಮೊದಲು ಕೈಗೆ ಕೊಡಬೇಕಾದುದು ಅದಲ್ಲವೆ?

ಹಿರಿಯರು: ಕೊಡು, ತಡೆಯುವವರಾರು? ಕಾಲಕ್ರಮದಿಂದ ಓದಿದರೆ ಪೌಲನ ಮನಸ್ಸು ಬೆಳೆದ ಬಗೆ ತಿಳಿಯುತ್ತದೆ. ಥೆಸಲೋನಿಕದಲ್ಲಿ, ಕ್ರಿಸ್ತನು ಮರಳಿ ಬರುವುದಕ್ಕೆ ಮುಂಚೆಯೇ ಸತ್ತವರ ಗತಿಯೇನೆಂದು ಜನ ಅಳುತ್ತಿದ್ದರು. ಅವರನ್ನು ಸಂತೈಸಿದವನು ತಾನೂ ಜೀವದಿಂದಿರುವಾಗಲೇ ಆ ದಿನವನ್ನು ಕಾಣುವೆನೆಂಬ ಭರವಸೆಯಲ್ಲಿದ್ದಂತೆ ತೋರುತ್ತದೆ. ಫಿಲಿಪ್ಪಿಯವರಿಗೆ ಸೆರೆಯಿಂದ ಬರೆಯುವಾಗ ಸಾವೇ ಎದುರಿಗಿದೆ, ಆದರೂ ಆ ಪತ್ರಿಕೆಯಷ್ಟು ಸಂತೋಷದ್ದು ಮತ್ತೊಂದಿಲ್ಲ. ನನ್ನ ಆಕ್ಷೇಪಣೆಯೆಲ್ಲ ನಿಮ್ಮ ವಿದ್ವಾಂಸರು ಕಾಲಕ್ರಮಕ್ಕೆ ನಿಲ್ಲದೆ, ಇದು ಪೌಲನದು, ಇದು ಅಲ್ಲ ಎಂದು ರಾಶಿಗಳನ್ನು ಮಾಡುವುದರ ಮೇಲೆ.

ತರುಣ: ಅದು ಹಟದಿಂದ ಮಾಡಿದುದಲ್ಲ, ಗುರುಗಳೇ. ಪೌಲನ ಹೆಸರಿನಲ್ಲಿ 13 ಪತ್ರಿಕೆಗಳಿವೆ. ರೋಮಾಪುರ, ಕೊರಿಂಥದ ಎರಡು, ಗಲಾತ್ಯ, ಫಿಲಿಪ್ಪಿ, ಥೆಸಲೋನಿಕದ ಮೊದಲನೆಯದು, ಫಿಲೆಮೋನ, ಈ ಏಳರ ಬಗೆಗೆ ಸಂಶಯ ಪಡುವವರು ಇಲ್ಲವೆಂದೇ ಹೇಳಬಹುದು. ತಿಮೊಥೆಯನಿಗೂ ತೀತನಿಗೂ ಬರೆದವುಗಳ ಭಾಷೆ ಬೇರೆ, ಚಿಂತೆ ಬೇರೆ. ಅವುಗಳಲ್ಲಿ ಸಭೆಯು ಆಗಲೇ ಅಧ್ಯಕ್ಷರು, ಹಿರಿಯರು, ವಿಧವೆಯರ ಪಟ್ಟಿ ಇವುಗಳಿಂದ ಕೂಡಿದ ಸಂಸ್ಥೆಯಾಗಿದೆ. ಸ್ಲೈಯರ್‌ಮಾಖರ್ 1807ರಲ್ಲಿ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆ ಪೌಲನದಲ್ಲವೆಂದು ವಾದಿಸಿದಂದಿನಿಂದ ಈ ಚರ್ಚೆ ನಿಂತಿಲ್ಲ.

ಹಿರಿಯರು: ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ತ್ರೋವದಲ್ಲಿ ಕರ್ಪನ ಬಳಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ಬರುವಾಗ ತೆಗೆದುಕೊಂಡು ಬಾ, ಚಳಿಗಾಲಕ್ಕೆ ಮುಂಚೆ ಬಾ ಎಂದು ಮುದುಕನು ಕೇಳಿಕೊಳ್ಳುತ್ತಾನಲ್ಲ, ಅದನ್ನು ಕಲ್ಪಿಸಿ ಬರೆಯುವ ಮನಸ್ಸು ಯಾರಿಗೆ ಬಂದೀತು?

ತರುಣ: ಚೆನ್ನಾಗಿ ಅನುಕರಿಸಬಲ್ಲವನಿಗೆ ಬಂದೀತು. ಆ ಮೇಲಂಗಿಯನ್ನು ನೋಡಿಯೇ, ಕೆಲವು ಸಾಲುಗಳಾದರೂ ಪೌಲನ ನಿಜವಾದ ಚೀಟಿಗಳಿಂದ ಬಂದಿರಬೇಕೆಂದು ಹೇಳುವ ವಿದ್ವಾಂಸರೂ ಇದ್ದಾರೆ. ತಮ್ಮ ಮಾತನ್ನು ಪೂರ್ತಿ ತಳ್ಳಿಹಾಕಲಾರೆ.

ಹಿರಿಯರು: ತಳ್ಳಿಹಾಕಿದರೂ ನನಗೆ ಭಯವಿಲ್ಲ. ನಮ್ಮ ದೇಶದಲ್ಲಿ ವ್ಯಾಸರ ಹೆಸರಿನ ಕೆಳಗೆ ಎಷ್ಟು ಪುರಾಣಗಳು ನಿಂತಿಲ್ಲ! ವಚನಗಳಲ್ಲಿ ಒಬ್ಬ ಶರಣರ ಅಂಕಿತದೊಳಗೆ ಹಿಂದಿನಿಂದ ಸೇರಿದವು ಇವೆಯೆಂದು ಸಂಪಾದಕರೇ ಹೇಳುವುದಿಲ್ಲವೆ? ಗುರುವಿನಿಂದ ಪಡೆದುದನ್ನು ಗುರುವಿನ ಹೆಸರಿನಲ್ಲಿಯೇ ಸಮರ್ಪಿಸುವ ಶಿಷ್ಯನನ್ನು ಕಳ್ಳನೆನ್ನುವುದು ನಮ್ಮವರಿಗೆ ತಿಳಿಯದ ನ್ಯಾಯ.

ತರುಣ: ಪುರಾಣಕ್ಕೂ ಪತ್ರಕ್ಕೂ ಅಂತರವಿದೆ. ಪುರಾಣವು ಇಂಥ ದಿನ ಇಂಥವನು ಇಂಥವನಿಗೆ ಬರೆದೆನೆಂದು ಸಾಧಿಸುವುದಿಲ್ಲ; ಪತ್ರವು ಸಾಧಿಸುತ್ತದೆ, ರುಜು ಹಾಕುತ್ತದೆ. ಆ ಕಾಲದವರಿಗೆ ಈ ವ್ಯತ್ಯಾಸ ತಿಳಿಯದೆಂದೂ ಹೇಳುವಂತಿಲ್ಲ. ಪೌಲನ ಹೆಸರನ್ನು ಹೊತ್ತು, ತೆಕ್ಲಾ ಎಂಬ ಕನ್ಯೆಯ ಕಥೆಯನ್ನೊಳಗೊಂಡ ಒಂದು ಬರಹವನ್ನು ಏಷ್ಯ ಪ್ರಾಂತ್ಯದ ಸಭಾಹಿರಿಯನೊಬ್ಬನು ಕಟ್ಟಿದನು. ಸಿಕ್ಕಿಬಿದ್ದಾಗ ಪೌಲನ ಮೇಲಣ ಪ್ರೀತಿಯಿಂದಲೇ ಮಾಡಿದೆನೆಂದು ಒಪ್ಪಿಕೊಂಡನು, ಆದರೂ ಪದವಿಯನ್ನು ಕಳೆದುಕೊಂಡನೆಂದು ಟೆರ್ಟುಲಿಯನ್ ಬರೆದಿದ್ದಾನೆ. ಪ್ರೀತಿಯೆಂಬ ಸಮಾಧಾನವನ್ನು ಆ ಸಭೆಯೇ ಒಪ್ಪಲಿಲ್ಲ.

ಹಿರಿಯರು: ಅದೇ ಸಭೆಗಳವರು ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ಇಟ್ಟುಕೊಂಡರಲ್ಲ, ಅದಕ್ಕೇನು ಹೇಳುವೆ? ಅದರಲ್ಲಿ ಬರೆದವನ ಹೆಸರೇ ಇಲ್ಲ. ಮೂರನೆಯ ಶತಮಾನದ ಓರಿಜೆನ್, ಅದನ್ನು ಬರೆದವರಾರೆಂಬುದು ದೇವರಿಗೆ ಮಾತ್ರ ಗೊತ್ತೆಂದು ಹೇಳಿಯೂ ಅದನ್ನು ಆದರದಿಂದಲೇ ಓದಿದನು. ಹೆಸರು ಅವರಿಗೆ ಪ್ರಾಣವಾಗಿದ್ದರೆ ಆ ಪತ್ರಿಕೆ ಬೀದಿಪಾಲಾಗಬೇಕಿತ್ತು.

ತರುಣ: ಬೀದಿಪಾಲಾಗದಂತೆ ಕಾಪಾಡಿದ್ದು ಪೌಲನ ಹೆಸರೇ. ಪೌಲನ ಪತ್ರಿಕೆಗಳಿಗೆ ನಮಗೆ ದೊರೆತಿರುವ ಅತಿ ಪ್ರಾಚೀನ ಸಂಪುಟವು ಸುಮಾರು ಕ್ರಿ. ಶ. 200ರ ಒಂದು ಪಪೈರಸ್ ಪುಸ್ತಕ. ಅದರ ಹಾಳೆಗಳು ಈಗ ಡಬ್ಲಿನ್ನಿನಲ್ಲಿಯೂ ಅಮೆರಿಕೆಯ ಮಿಷಿಗನ್ನಿನಲ್ಲಿಯೂ ಹಂಚಿಹೋಗಿವೆ. ಅದರಲ್ಲಿ ಇಬ್ರಿಯರ ಪತ್ರಿಕೆಯು ರೋಮಾಪುರದ ಪತ್ರಿಕೆಯ ಬೆನ್ನಿಗೇ ಕುಳಿತಿದೆ. ಆದರೆ ಕರ್ತೃತ್ವದ ಪ್ರಶ್ನೆ ನನಗೆ ಪಂಡಿತರ ಕುತೂಹಲ ಮಾತ್ರವಲ್ಲ. ರೋಮಾಪುರದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಫೊಯಿಬೆಯಿದ್ದಾಳೆ, ಗಂಡ ಅಕ್ವಿಲನಿಗಿಂತ ಮೊದಲು ಹೆಸರು ಪಡೆದ ಪ್ರಿಸ್ಕಿಲ್ಲಳಿದ್ದಾಳೆ, ದುಡಿದವಳೆಂದು ಹೊಗಳಿಸಿಕೊಂಡ ಮರಿಯಳಿದ್ದಾಳೆ. ತಿಮೊಥೆಯನ ಪತ್ರಿಕೆಯಲ್ಲಿ ಹೆಂಗಸು ಉಪದೇಶಿಸಕೂಡದು, ಮೌನವಾಗಿರಬೇಕೆಂಬ ಕಟ್ಟಳೆಯಿದೆ. ಹತ್ತೊಂಬತ್ತು ಶತಮಾನ ಹೆಣ್ಣುಮಕ್ಕಳ ಬಾಯಿ ಕಟ್ಟಿದ ಮಾತು ಪೌಲನದೋ, ಅವನ ಹೆಸರನ್ನು ಹೊದ್ದ ಬೇರೊಬ್ಬನದೋ ಎಂಬುದು ಸಣ್ಣ ವಿಷಯವೆ?

ಹಿರಿಯರು: ಸಣ್ಣದಲ್ಲ. ಆದರೆ ಗೆರೆ ನೀನು ಎಳೆದಷ್ಟು ನೇರವಾಗಿಲ್ಲ. ನಿನ್ನ ಏಳರಲ್ಲಿಯೇ ಇರುವ ಕೊರಿಂಥದ ಮೊದಲನೆಯ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯದಲ್ಲಿಯೂ ಸ್ತ್ರೀಯರು ಸಭೆಯಲ್ಲಿ ಸುಮ್ಮನಿರಬೇಕೆಂಬ ಮಾತಿದೆ.

ತರುಣ: ಹನ್ನೊಂದನೆಯ ಅಧ್ಯಾಯದಲ್ಲಿ ಸ್ತ್ರೀಯರು ಸಭೆಯಲ್ಲಿ ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ಒಪ್ಪಿಕೊಂಡವನು ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಮರೆತನೆ? ಆ ಸಾಲುಗಳು ಕೆಲವು ಹಸ್ತಪ್ರತಿಗಳಲ್ಲಿ ಅಧ್ಯಾಯದ ಕೊನೆಗೆ ಸರಿದಿವೆ. ಅಂಚಿನಲ್ಲಿ ಬರೆದುದು ನಡುವೆ ಸೇರಿತೆಂದು ಊಹಿಸಲು ಅದು ಆಧಾರ.

ಹಿರಿಯರು: ಆ ಸಾಲುಗಳಿಲ್ಲದ ಗ್ರೀಕ್ ಹಸ್ತಪ್ರತಿ ಒಂದಾದರೂ ದೊರೆತಿದೆಯೆ? ಇಲ್ಲ. ಆಧಾರ ದುರ್ಬಲವಾಗಿದ್ದರೂ ಮನಸ್ಸಿಗೆ ಒಪ್ಪದ ಸಾಲನ್ನು ಕತ್ತರಿಸುವ ಕೈಗೆ ವಿಶ್ರಾಂತಿಯಿರದು, ಮಗೂ. ಇಂದು ನೀನು ಒಳ್ಳೆಯ ಕಾರಣಕ್ಕೆ ಕತ್ತರಿಸುವೆ, ನಾಳೆ ಇನ್ನೊಬ್ಬನು ಕೆಟ್ಟ ಕಾರಣಕ್ಕೆ. ಅವನು ಆ ಮಾತನ್ನು ಹೇಳಿದ್ದನ್ನೂ, ಹೇಳಿದುದರಿಂದಾದ ನೋವನ್ನೂ ಹೊತ್ತುಕೊಂಡೇ ಓದಬೇಕೆಂಬುದು ನನ್ನ ಪಕ್ಷ. ಫಿಲೆಮೋನನಿಗೆ ಬರೆದ 25 ವಾಕ್ಯಗಳ ಪತ್ರಿಕೆಯನ್ನೇ ತೆಗೆದುಕೋ. ಯಜಮಾನನನ್ನು ಅಗಲಿದ ಒನೇಸಿಮನೆಂಬ ದಾಸನು ಸೆರೆಯಲ್ಲಿದ್ದ ಪೌಲನನ್ನು ಆಶ್ರಯಿಸಿದ್ದಾನೆ. ಅವನನ್ನು ತನ್ನ ಕರುಳೆಂದು ಕರೆದು, ದಾಸನಂತಲ್ಲದೆ ಪ್ರಿಯ ಸಹೋದರನಂತೆ ಸೇರಿಸಿಕೊಳ್ಳೆಂದು ಬೇಡಿ, ಅವನಿಂದ ನಷ್ಟವಾಗಿದ್ದರೆ ಅದನ್ನು ತಾನು ತೀರಿಸುವೆನೆಂದು ಲೇಖನಿಯನ್ನು ಸ್ವಂತ ಕೈಗೆ ತೆಗೆದುಕೊಂಡು ಸಾಲಪತ್ರದಂತೆ ಬರೆದುಕೊಡುತ್ತಾನೆ. ಒಬ್ಬ ದಾಸನಿಗಾಗಿ ಹೀಗೆ ಹೊಣೆ ಬರೆದುಕೊಟ್ಟ ಕೈಯನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ತರುಣ: ಓದುವಾಗ ನನಗೂ ಕಟ್ಟಿತು. ಆದರೂ ಬಿಡುಗಡೆ ಮಾಡೆಂಬ ಒಂದು ಮಾತನ್ನು ಅವನು ನೇರವಾಗಿ ಆಡಲಿಲ್ಲ. ಆಡದೆ ಬಿಟ್ಟುದರಿಂದಲೇ, ಅಮೆರಿಕೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವರು ಓಡಿಹೋದವನನ್ನು ಹಿಂದಿರುಗಿಸುವುದು ಪೌಲಸಮ್ಮತವೆಂದರು. ಗುಲಾಮಗಿರಿಯನ್ನು ವಿರೋಧಿಸಿದವರೂ ಇದೇ ಪತ್ರಿಕೆಯನ್ನು ಹಿಡಿದರು. ಕೊಲೊಸ್ಸೆ, ಎಫೆಸಗಳಿಗೆ ಬರೆದವುಗಳಲ್ಲಿ ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಉಪದೇಶ ಸ್ಪಷ್ಟವಾಗಿಯೇ ಇದೆ.

ಹಿರಿಯರು: ಇದೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಫಿಲೆಮೋನನು ಏನು ಮಾಡಿದನೆಂಬುದಕ್ಕೂ ಎಲ್ಲಿಯೂ ಉತ್ತರವಿಲ್ಲ. ಆದರೆ ಆ ಚೀಟಿಯನ್ನು ಅವನು ಹರಿದು ಎಸೆಯಲಿಲ್ಲವೆಂಬುದು ಮಾತ್ರ, ಅದು ನಮ್ಮ ಕೈ ಸೇರಿರುವುದರಿಂದಲೇ, ನನಗೆ ತೋರುತ್ತದೆ.

ಇಷ್ಟರಲ್ಲಿ ಮಾತು ಒಡಂಬಡಿಕೆಯ ಹೊರಗಣ ಬರಹಗಳ ಕಡೆಗೆ ತಿರುಗಿತು. ಪತ್ರ ಬರೆಯುವ ಪದ್ಧತಿಯು ಅಪೊಸ್ತಲರೊಡನೆ ಮುಗಿಯಲಿಲ್ಲವೆಂಬುದನ್ನು ತರುಣನು ಉತ್ಸಾಹದಿಂದ ವಿವರಿಸತೊಡಗಿದನು.

ತರುಣ: ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಗ್ರೆನ್ಫೆಲ್, ಹಂಟ್ ಎಂಬಿಬ್ಬರು 1896ರ ಚಳಿಗಾಲದಿಂದ ಹಳೆಯ ಕಸದ ದಿಬ್ಬಗಳನ್ನು ಅಗೆದರು. ಮಗನು ತಂದೆಗೆ, ಸೈನಿಕನು ತಾಯಿಗೆ ಬರೆದಂತಹ ಸಾವಿರಾರು ಓಲೆಗಳು ಈಜಿಪ್ಟಿನ ಒಣಮಣ್ಣಿನಿಂದ ಹೊರಬಂದ ಮೇಲೆಯೇ, ವಂದನೆ, ದೇವರಿಗೆ ಕೃತಜ್ಞತೆ, ವಿಷಯ, ಮತ್ತೆ ವಂದನೆ ಎಂಬ ಪೌಲನ ಪತ್ರಗಳ ಸರಣಿಯು ಆ ಕಾಲದ ಸಾಮಾನ್ಯ ಪತ್ರಗಳದೇ ಎಂಬುದು ಜಗತ್ತಿಗೆ ಸ್ಪಷ್ಟವಾಯಿತು. ಪಶ್ಚಿಮ ಕರಾವಳಿಯ ಕನ್ನಡ ಮಾತುಗಳಿವೆಯೆಂದು ಹುಲ್ಟ್ಸ್ 1904ರಲ್ಲಿ ವಾದಿಸಿದ ಗ್ರೀಕ್ ಪ್ರಹಸನವೂ ಅದೇ ದಿಬ್ಬಗಳದು. ಆ ವಾದ ನಿಲ್ಲಲಿ ಬಿಡಲಿ, ನಮಗೆ ಆ ಸ್ಥಳದ ಮೇಲೆ ಅಭಿಮಾನವಿರಲು ಅದೊಂದು ನೆಪ. ಇನ್ನು ಪೌಲನ ತರುವಾಯದವರನ್ನು ನೋಡಿರಿ. ಸುಮಾರು 96ರಲ್ಲಿ ಕೊರಿಂಥದವರು ತಮ್ಮ ಸಭಾಹಿರಿಯರನ್ನು ಪದಚ್ಯುತಗೊಳಿಸಿದಾಗ ರೋಮಿನ ಸಭೆಯು ಒಂದು ದೀರ್ಘ ಪತ್ರವನ್ನು ಬರೆಯಿತು, ಅದನ್ನು ಕ್ಲೆಮೆಂಟನದೆನ್ನುತ್ತಾರೆ. ನಲವತ್ತು ವರ್ಷದ ಮೇಲೂ ಅದೇ ಊರು, ಅದೇ ಜಗಳ! ಅದನ್ನು ಕೊರಿಂಥದವರು ಎರಡನೆಯ ಶತಮಾನದಲ್ಲಿಯೂ ಭಾನುವಾರದ ಆರಾಧನೆಯಲ್ಲಿ ಓದುತ್ತಿದ್ದರು.

ಹಿರಿಯರು: ಕ್ಲೆಮೆಂಟನ ಪತ್ರ ಸೌಮ್ಯವಾದದ್ದು, ಒಪ್ಪಿದೆ. ಆದರೆ ಅದರಲ್ಲಿ ಪೌಲನ ಬಿಸಿಯಿಲ್ಲ. ಪುನರುತ್ಥಾನಕ್ಕೆ ಫೀನಿಕ್ಸ್ ಪಕ್ಷಿಯನ್ನು ದೃಷ್ಟಾಂತವಾಗಿ ತರುತ್ತದೆ. ಪೌಲನಾದರೋ ಕೊರಿಂಥದವರಿಗೆ ಅದೇ ವಿಷಯವನ್ನು ಹೇಳುವಾಗ ಕ್ರಿಸ್ತನನ್ನು ಕಂಡವರ ಹೆಸರುಗಳನ್ನು ಎಣಿಸಿ, ಕಡೆಗೆ ತನ್ನನ್ನೂ ಸೇರಿಸುತ್ತಾನೆ. ಸಾಕ್ಷಿ ಹೇಳುವುದು ಬೇರೆ, ದೃಷ್ಟಾಂತ ಕೊಡುವುದು ಬೇರೆ.

ತರುಣ: ಅಂತಿಯೋಕ್ಯದ ಇಗ್ನೇಷಿಯಸನಲ್ಲಿ ಬಿಸಿಯಿಲ್ಲವೆ? ಟ್ರಾಜನ್ ಚಕ್ರವರ್ತಿಯ ಕಾಲದಲ್ಲಿ, ಹತ್ತು ಮಂದಿ ಸೈನಿಕರ ಕಾವಲಿನಲ್ಲಿ ರೋಮಿನ ಕಾಡುಮೃಗಗಳ ಬಾಯಿಗೆ ಹೊರಟವನು ಸ್ಮುರ್ನದಿಂದ ನಾಲ್ಕು, ತ್ರೋವದಿಂದ ಮೂರು ಪತ್ರಗಳನ್ನು ಬರೆದನು. ರೋಮಿನವರಿಗೆ ಬರೆದುದರಲ್ಲಿ ತನ್ನನ್ನು ಬಿಡಿಸಲು ಯತ್ನಿಸಬೇಡಿರೆಂದು ಅಂಗಲಾಚುತ್ತಾನೆ. ಫಿಲಿಪ್ಪಿಯವರು ಆ ಪತ್ರಗಳು ತಮಗೂ ಬೇಕೆಂದು ಕೇಳಿದಾಗ ಪಾಲಿಕಾರ್ಪನು ಒಟ್ಟುಮಾಡಿ ಕಳುಹಿಸಿದನು. ಪೌಲನ ಪತ್ರಗಳು ಹೇಗೆ ಕೂಡಿಬಂದವೋ ಇವೂ ಹಾಗೆಯೇ.

ಹಿರಿಯರು: ಅವನ ಪತ್ರಗಳಿಗೂ ಸುಳ್ಳು ಪತ್ರಗಳು ಸೇರಿ, ನಿಜವಾದವು ಹಿಗ್ಗಿ, 1644ರಲ್ಲಿ ಅಷರ್ ಎಂಬ ಐರ್ಲೆಂಡಿನ ಧರ್ಮಾಧ್ಯಕ್ಷನು ಬೇರ್ಪಡಿಸುವವರೆಗೆ ಜನ ಬೆರಕೆಯನ್ನೇ ಓದುತ್ತಿದ್ದರು. ಈ ಕೆಲಸಕ್ಕಾಗಿ ನಿನ್ನ ಶಾಸ್ತ್ರಕ್ಕೆ ನಾನು ಕೃತಜ್ಞ, ಬಾಯಿಮಾತಿಗೆ ಹೇಳುವುದಲ್ಲ. ಆದರೆ ಸಾವನ್ನು ಅಷ್ಟು ಹಂಬಲಿಸುವ ಇಗ್ನೇಷಿಯಸನ ಧ್ವನಿ ನನ್ನನ್ನು ಬೆದರಿಸುತ್ತದೆ. ಫಿಲಿಪ್ಪಿಯವರಿಗೆ ಬರೆದ ಪೌಲನು ಹೋಗುವ ಆಸೆಯಿದ್ದರೂ ನಿಮಗಾಗಿ ಉಳಿಯುವುದೇ ಅಗತ್ಯವೆಂದನು. ಸಭೆಯು ಒಂದನ್ನು ಒಳಗಿಟ್ಟು ಇನ್ನೊಂದನ್ನು ಹೊಸ್ತಿಲಿನಲ್ಲಿ ನಿಲ್ಲಿಸಿದುದರಲ್ಲಿ ವಿವೇಕವಿದೆ.

ತರುಣ: ಆ ಹೊಸ್ತಿಲು ಎಲ್ಲ ಕಾಲಕ್ಕೂ ಒಂದೇ ಕಡೆ ಇರಲಿಲ್ಲ. ಸೀನಾಯಿ ಬೆಟ್ಟದ ಮಠದಲ್ಲಿ ದೊರೆತ ನಾಲ್ಕನೆಯ ಶತಮಾನದ ಮಹಾಪ್ರತಿಯಲ್ಲಿ ಬಾರ್ನಬನ ಪತ್ರಿಕೆಯೂ ಹೆರ್ಮಾಸನ 'ಕುರುಬ'ನೂ ಸೇರಿವೆ. ಅಲೆಕ್ಸಾಂಡ್ರಿಯದ ಅಥನೇಷಿಯಸ್ 367ರ ಹಬ್ಬದ ಪತ್ರದಲ್ಲಿ ಪಟ್ಟಿ ಮಾಡಿದಾಗಲೇ ಇಂದಿನ 27 ಪುಸ್ತಕಗಳು ಅಷ್ಟೇ ಸಂಖ್ಯೆಯಲ್ಲಿ ಮೊದಲ ಬಾರಿ ಕಾಣುವುದು. ಸಿರಿಯಾದವರ ಪ್ರಾಚೀನ ಪಾಠದಲ್ಲಿ 22 ಮಾತ್ರ. ಪೇತ್ರನ ಎರಡನೆಯದು, ಯೋಹಾನನ ಎರಡು ಮತ್ತು ಮೂರನೆಯವು, ಯೂದ, ಪ್ರಕಟನೆ ಇವು ಇಲ್ಲ. ನಮ್ಮ ನೆರೆಯ ಕೇರಳದ ಸುರಿಯಾನಿ ಕ್ರೈಸ್ತರಿಗೆ ಬಂದದ್ದು ಆ ಪರಂಪರೆಯೇ. ಅವರ ವಿಶ್ವಾಸ ಐದು ಪುಸ್ತಕದಷ್ಟು ಕಡಮೆಯಾಗಿತ್ತೆಂದು ತಾವು ಹೇಳುವಿರಾ?

ಹಿರಿಯರು: ಹೇಳೆನು. ಅಂಚಿನಲ್ಲಿ ಏರುಪೇರಿತ್ತು, ನಡುವಿನಲ್ಲಿ ಇರಲಿಲ್ಲ. ಸಿರಿಯಾದವರ 22ರಲ್ಲಿ ಪೌಲನ ಪತ್ರಿಕೆಗಳೆಲ್ಲವೂ ಇದ್ದವಲ್ಲವೆ?

ತರುಣ: ಇದ್ದವು. ನಾನು ಅಂಚಿನವರ ಪರವಾಗಿ ಮಾತನಾಡುತ್ತಿದ್ದೇನೆ. 'ದಿದಾಖೆ'ಯೆಂಬ ಪುಟ್ಟ ಗ್ರಂಥವನ್ನು ಬ್ರಿಯೆನ್ನಿಯೋಸ್ ಎಂಬ ಗ್ರೀಕ್ ಧರ್ಮಾಧ್ಯಕ್ಷನು 1873ರಲ್ಲಿ ಕಾನ್ಸ್ಟಾಂಟಿನೋಪಲಿನ ಗ್ರಂಥಾಲಯವೊಂದರ 1056ರ ಹಸ್ತಪ್ರತಿಯಲ್ಲಿ ಕಂಡು ಹತ್ತು ವರ್ಷಗಳ ಮೇಲೆ ಅಚ್ಚು ಹಾಕಿಸಿದನು. ಊರಿಗೆ ಬಂದ ಅಪೊಸ್ತಲನು ಒಂದು ದಿನ ಇರಬಹುದು, ಅಗತ್ಯವಾದರೆ ಎರಡು. ಮೂರನೆಯ ದಿನವೂ ಉಳಿದರೆ ಸುಳ್ಳುಪ್ರವಾದಿ. ಹೊರಡುವಾಗ ಮುಂದಿನ ಬಿಡಾರದವರೆಗಿನ ರೊಟ್ಟಿಯ ಹೊರತು ಹಣ ಕೇಳಿದರೂ ಸುಳ್ಳುಪ್ರವಾದಿ ಎಂಬ ವಿಧಿ ಅದರಲ್ಲಿದೆ. ಬಡಜನರು ತಮ್ಮ ಮನೆಬಾಗಿಲನ್ನು ತೆರೆದಿಟ್ಟೂ ಮೋಸಹೋಗದಿರಲು ಮಾಡಿಕೊಂಡ ಈ ಏರ್ಪಾಡನ್ನು ಪೌಲನ ಯಾವ ಅಧ್ಯಾಯದಲ್ಲಿ ಕಲಿಯಲಾದೀತು? 203ರಲ್ಲಿ ಕಾರ್ಥೇಜಿನ ಸೆರೆಯಲ್ಲಿ ಮೊಲೆಗೂಸನ್ನಿಟ್ಟುಕೊಂಡು, ತಂದೆಯ ಕಣ್ಣೀರಿಗೂ ಬಗ್ಗದೆ ಪರ್ಪೆಟುವಾ ಬರೆದಿಟ್ಟ ದಿನಗಳ ವೃತ್ತಾಂತವನ್ನು ಹೊಸ್ತಿಲ ಹೊರಗಿನದೆಂದು ಬಿಡಲಾದೀತೆ? ಸ್ತ್ರೀಯೊಬ್ಬಳು ತಾನೇ ಹೇಳಿಕೊಂಡ ಮಾತು ಆ ಶತಮಾನಗಳಿಂದ ನಮಗೆ ಉಳಿದಿರುವುದು ತೀರ ಅಪರೂಪ.

ಹಿರಿಯರು: ಬಿಡೆಂದು ನಾನೂ ಹೇಳಲಿಲ್ಲ, ಪರ್ಪೆಟುವಾಳನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಅವಳು ಯಾವ ಮಾತಿನ ಬಲದಿಂದ ಆ ಸೆರೆಯಲ್ಲಿ ನಿಂತಳೋ ಆ ಮಾತು ಅವಳಿಗಿಂತ ಮುಂಚಿನದು. ಅದನ್ನು ಬೇರೆ ಅಳತೆಯಲ್ಲಿ ಅಳೆಯಬೇಕೆಂಬ ನನ್ನ ಹಟವನ್ನು ಬಿಡಲಾರೆ.

ತರುಣ: ಒಂದೇ ಅಳತೆಯಲ್ಲಿ ಅಳೆದ ಮೇಲೂ ಪೌಲನೇ ದೊಡ್ಡವನಾಗಿ ನಿಂತರೆ ತಮಗೆ ನಷ್ಟವೇನು? ಮುಂದಿನ ವಾರ ಥೆಸಲೋನಿಕದ ಪತ್ರಿಕೆ, ಕೊರಿಂಥದ ಎರಡು, ಅವುಗಳ ಜೊತೆಗೇ ಕ್ಲೆಮೆಂಟ್, ದಿದಾಖೆ, ಇವನ್ನು ಸಾಲಾಗಿ ಇಟ್ಟುಕೊಂಡು ಓದೋಣ.

ಹಿರಿಯರು: ಓದೋಣ. ಕೊರಿಂಥದ ಎರಡನೆಯ ಪತ್ರಿಕೆಯನ್ನು ಮಾತ್ರ ಎರಡೋ ಮೂರೋ ಪತ್ರಗಳ ತುಂಡುಗಳೆಂದು ಬಿಡಿಸಿಟ್ಟು ತರಬೇಡ. ಅಚ್ಚಿನಲ್ಲಿರುವ ಹಾಗೆಯೇ ತಾ.

ತರುಣ: ಒಂಬತ್ತನೆಯ ಅಧ್ಯಾಯದವರೆಗೆ ಅಷ್ಟು ಮೃದುವಾಗಿ ಮಾತಾಡಿದವನು ಹತ್ತನೆಯದರಲ್ಲಿ ಇದ್ದಕ್ಕಿದ್ದಂತೆ ಸಿಡಿದೇಳುವುದೇಕೆಂದು ತಾವು ವಿವರಿಸುವುದಾದರೆ, ಹಾಗೆಯೇ ತರುತ್ತೇನೆ.